ಹದಿನಾಲ್ಕು ದಿನದ ಗುಳಿಗೆ

ಪಾಸ್ತೊ
11 ಮಾರ್ಚ್ 1997

ಎತೆಲ್ವಿನಾ ಅಕ್ಕನಿಗೆ,

ಮೂರು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಪ್ರೀತಿ ಉಕ್ಕಿ ಬಂತು ಎಂದುಕೊಳ್ಳಬೇಡ. ನಿನ್ನ ರಿಪೋರ್ಟು ನನ್ನ ಮೇಜಿಗೇ ಬಂತು, ತಿಳಿಸುವವರು ಬೇರೆ ಯಾರೂ ಇಲ್ಲ, ಅದಕ್ಕೆ.

ಹೋದ ವಾರ ನೀನು ಕಪ್ಪಗೆ ವಾಂತಿ ಮಾಡಿಕೊಂಡು ನಮ್ಮ ಆಸ್ಪತ್ರೆಗೆ ಬಂದೆಯಲ್ಲ, ಹೊಟ್ಟೆಗೆ ನಳಿಗೆ ಇಳಿಸುವ ಕೋಣೆಯಲ್ಲಿ ಇದ್ದ ನರ್ಸು ನಾನೇ ಎಂದು ನೀನು ನೋಡಿದೆ. ನೋಡಿಯೂ ಮುಖ ಗೋಡೆಗೆ ತಿರುಗಿಸಿದೆ. ನಳಿಗೆಯನ್ನು ಕಚ್ಚದಿರಲೆಂದು ನಿನ್ನ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಿಲ್ಲೆ ಇಟ್ಟವಳೂ ನಾನೇ. ನಾಲ್ಕು ನಿಮಿಷ ನೀನು ಮಾತಾಡದೆ ಇದ್ದದ್ದನ್ನು ಈ ಜನ್ಮದಲ್ಲಿ ಮೊದಲ ಸಲ ಕಂಡೆ.

ಸುದ್ದಿ ಇಷ್ಟು. ಹೊಟ್ಟೆಯಲ್ಲಿ ಹುಣ್ಣಿದೆ. ಹುಣ್ಣು ಮಾಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಹೊಟ್ಟೆಯ ಒಳಪೊರೆ ಬದಲಾಗಲು ಶುರುವಾಗಿದೆ. ಅಪ್ಪನಿಗೆ ಕ್ಯಾನ್ಸರ್ ಬಂದದ್ದೂ ಇದೇ ದಾರಿಯಲ್ಲಿ. ನೀನು ಇನ್ನೂ ದಾರಿಯ ಮೊದಲಲ್ಲಿದ್ದೀಯ, ಅವರು ಕೊನೆ ಮುಟ್ಟಿದ ಮೇಲೆ ನಮ್ಮ ಬಳಿಗೆ ಬಂದರು. ಯಾಕೆ ತಡವಾಯಿತು ಎಂದು ಇಬ್ಬರಿಗೂ ಗೊತ್ತು. ಏಳು ತಿಂಗಳು ನೀನು ಅವರನ್ನು ಒಲೆಯ ಪಕ್ಕ ಕೂರಿಸಿ ಹಾಲು ಕುಡಿಸಿದೆ. "ಅಪ್ಪನ್ನ ಕೊಂದಿದ್ದು ರೋಗ ಅಲ್ಲ, ನೀನು" ಎಂದು ಮಣ್ಣಿಗಿಟ್ಟ ದಿನ ಊರವರ ಮುಂದೆ ಹೇಳಿದೆನಲ್ಲ, ಅದನ್ನು ಇವತ್ತೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಇದಕ್ಕೆಲ್ಲ ಕಾರಣ ಹೊಟ್ಟೆಯಲ್ಲಿ ಬೀಡುಬಿಟ್ಟಿರುವ ಒಂದು ಕ್ರಿಮಿ. ನಮ್ಮ ಬೆಟ್ಟದ ಮೇಲಿನ ಹತ್ತು ಜನರಲ್ಲಿ ಒಂಬತ್ತು ಜನರೊಳಗೆ ಇದೆ, ಚಿಕ್ಕಂದಿನಲ್ಲೇ ಬಾಯಿಂದ ಬಾಯಿಗೆ ದಾಟುತ್ತದೆ ಎಂದು ಡಾಕ್ಟರ್ ವಿಯೋತಾ ಹೇಳುತ್ತಾರೆ. ಎಲ್ಲರನ್ನೂ ತಿನ್ನುವುದಿಲ್ಲ, ಕೆಲವರನ್ನು ಹಿಡಿದರೆ ಬಿಡುವುದಿಲ್ಲ. ಒಳಪೊರೆ ಇನ್ನೂ ಕೆಡುವ ಮೊದಲು ಇದನ್ನು ಕೊಲ್ಲಬೇಕು.

ಹಾಲಿನ ಲಾರಿಯ ಓಲ್ಮೆದೊನ ಕೈಯಲ್ಲಿ ನಾಲ್ಕು ಬಗೆಯ ಗುಳಿಗೆ ಕಳಿಸಿದ್ದೇನೆ. ಮೊದಲನೆಯದು ಹೊಟ್ಟೆಯ ಹುಳಿ ತಗ್ಗಿಸುವುದು. ಬರಿ ಹೊಟ್ಟೆಗೆ ನುಂಗಿ ಅರ್ಧ ಗಂಟೆ ಏನೂ ತಿನ್ನಬಾರದು. ಹುಳಿ ಇಳಿಯದಿದ್ದರೆ ಆ್ಯಂಟಿಬಯಾಟಿಕ್‌ಗಳ ಆಟ ನಡೆಯುವುದಿಲ್ಲ. ಆ್ಯಂಟಿಬಯಾಟಿಕ್ ಎರಡು ಇವೆ. ಇನ್ನೊಂದು ಬಿಸ್ಮತ್, ಅದು ಹುಣ್ಣಿನ ಮೇಲೆ ಕೂರುತ್ತದೆ. ದಿನಕ್ಕೆ ಹದಿಮೂರು ಗುಳಿಗೆ, ಹದಿನಾಲ್ಕು ದಿನ. ಒಂದನ್ನು ಬಿಟ್ಟರೆ ಉಳಿದ ಮೂರೂ ದಂಡ. ಯಾವುದು ಯಾವ ಹೊತ್ತಿಗೆ ಎಂದು ಪಟ್ಟಿ ಇಟ್ಟಿದ್ದೇನೆ. ಮುಗಿಯುವವರೆಗೆ ಚಪಿಲ್ ಸಾರಾಯಿ ಮುಟ್ಟಬೇಡ, ಚಳಿ ಎಂದು ಬಿಸಿ ಹಣ್ಣಿನ ರಸಕ್ಕೆ ಬೆರೆಸಿಯೂ ಬೇಡ.

ನೀನು ಇದನ್ನು ಸರಿಯಾಗಿ ಮಾಡುತ್ತೀಯ ಎಂಬ ನಂಬಿಕೆ ನನಗಿಲ್ಲ. ಆದರೂ ಕಳಿಸಿದ್ದೇನೆ.

ನೊಹೆಮಿ

*

ಚಿಲ್ಕಾಲ್, ತೂಕೆರೆಸ್
14 ಮಾರ್ಚ್ 1997

ನೊಹೆಮಿ,

ಓಲ್ಮೆದೊ ಲಾರಿ ನಿಲ್ಲಿಸಿ, ಗುಳಿಗೆಯ ಚೀಲವನ್ನು ಪಾದ್ರಿ ಪವಿತ್ರ ರೊಟ್ಟಿ ಹಿಡಿದಂತೆ ಎರಡು ಕೈಯಲ್ಲಿ ಹಿಡಿದು ಕೊಟ್ಟ. "ನಿಮ್ ತಂಗಿ ಕಳ್ಸಿದಾರಮ್ಮ. ಕೊಡೋವಾಗ ಕಣ್ಣಲ್ಲಿ ನೀರಿತ್ತು" ಅಂದ. "ಅವಳ ಕಣ್ಣಲ್ಲಿ ನೀರಾ? ಈರುಳ್ಳಿ ಹೆಚ್ಚಿ ಬಂದಿರ್ಬೇಕು ಬಿಡು" ಅಂದೆ.

ನಾಲ್ಕು ಔಷಧಿ, ಒಂದಕ್ಕೂ ಒಂಟಿಯಾಗಿ ಕೆಲಸ ಮಾಡುವ ಯೋಗ್ಯತೆ ಇಲ್ಲ! ನಾನು ಹನ್ನೊಂದು ಹಸುವನ್ನು ಒಬ್ಬಳೇ ಕರೆಯುತ್ತೇನೆ. ಕಣ್ಣಿಗೆ ಕಾಣದ ಒಂದು ಹುಳ, ಅದನ್ನು ಕೊಲ್ಲುವ ಮೊದಲು ಹೊಟ್ಟೆಯ ಹುಳಿಯನ್ನು ಮಲಗಿಸಬೇಕಂತೆ. ಕಳ್ಳನನ್ನು ಹಿಡಿಯುವ ಮೊದಲು ಮನೆಯ ನಾಯಿಯನ್ನು ಕಟ್ಟಿಹಾಕು ಎಂದ ಹಾಗಾಯಿತು. ಇದನ್ನು ಕಲಿಯಲು ನಿಮ್ಮ ಡಾಕ್ಟರು ಎಷ್ಟು ವರ್ಷ ಓದಿದರು?

ಆದರೂ ನುಂಗುತ್ತೇನೆ. ನಿನಗಾಗಿ ಅಲ್ಲ. ಕಾಪುಲಿ ಗಬ್ಬವಾಗಿದ್ದಾಳೆ, ಮೇ ತಿಂಗಳಲ್ಲಿ ಕರು ಹಾಕುತ್ತಾಳೆ. ಅವಳಿಗೆ ನನ್ನ ಕೈ ಬಿಟ್ಟರೆ ಬೇರೆ ಕೈ ಆಗದು. ಬೇರೆ ಯಾರಾದರೂ ಹತ್ತಿರ ಹೋದರೆ ಒದೆಯುತ್ತಾಳೆ. ಅವಳಿಗಿರುವಷ್ಟು ಬುದ್ಧಿ ಮನುಷ್ಯರಿಗಿಲ್ಲ.

ನಾಳೆಯಿಂದ ಶುರು. ಬೆಳಗಿನ ಜಾವ ಎದ್ದ ಕೂಡಲೇ ಹುಳಿಯ ಗುಳಿಗೆ. ಅರ್ಧ ಗಂಟೆಗೆ ಗಡಿಯಾರ ಬೇಡ, ಮೂರು ಹಸು ಕರೆದರೆ ಸರಿಯಾಗಿ ಅರ್ಧ ಗಂಟೆ. ಆಮೇಲೆ ಅದೇ ಬೆಚ್ಚಗಿನ ಹಾಲಿನಲ್ಲಿ ಉಳಿದ ಮೂರೂ ಒಳಕ್ಕೆ. ಗುಳಿಗೆಯನ್ನು ಹೇಗೆ ನುಂಗಬೇಕೆಂದು ಈ ಮನೆಯಲ್ಲಿ ಯಾರಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಅಪ್ಪನ ವಿಷಯ ನೀನು ಬರೆದದ್ದನ್ನು ಓದಿದೆ. ಅದಕ್ಕೆ ಉತ್ತರ ಬರೆಯುವುದಿಲ್ಲ.

ಎತೆಲ್ವಿನಾ ಹೆತಿಯಾಲ್

*

ಚಿಲ್ಕಾಲ್
20 ಮಾರ್ಚ್ 1997

ನೊಹೆಮಿ,

ಇವತ್ತಿಗೆ ಆರು ದಿನ. ಬಾಯಲ್ಲಿ ತುಕ್ಕು ಹಿಡಿದ ಬೀಗದ ಕೈ ಚೀಪಿದ ರುಚಿ. ಆಲೂಗಡ್ಡೆ ಬೇಯಿಸಿದರೆ ಕಬ್ಬಿಣ, ಬೆಲ್ಲದ ನೀರು ಕುಡಿದರೆ ಕಬ್ಬಿಣ. ಓಲ್ಮೆದೊನ ಹೆಂಡತಿ ಕ್ಲೇಲಿಯಾ ನನಗೆಂದೇ ತಾನು ಸಾಕಿದ ಗಿನಿಯಿಲಿಗಳಲ್ಲಿ ಒಂದು ಕೊಬ್ಬಿದ ಕೂಯ್ ಕೊಂದು ಕೆಂಡದಲ್ಲಿ ಸುಟ್ಟು ತಂದಳು. ಅದರ ತೊಡೆಯೂ ಕಬ್ಬಿಣ. ಅವಳು ಸುಟ್ಟ ಕೂಯ್ ಮಾಂಸವನ್ನು ಬೇಡ ಎಂದವರಲ್ಲಿ ನಾನೇ ಮೊದಲನೆಯವಳು.

ಒಂದು ಮಾತು ಕೇಳಬೇಕು. ಮಲ ಕಪ್ಪಗೆ ಹೋಗುತ್ತಿದೆ, ರಸ್ತೆಗೆ ಹಾಕುವ ಟಾರಿನ ಹಾಗೆ. ನಾಲಿಗೆಯೂ ಕಪ್ಪು. ಅಪ್ಪನಿಗೆ ಕೊನೆಯ ತಿಂಗಳು ಹೀಗೇ ಹೋಗುತ್ತಿತ್ತು, ಬಟ್ಟೆ ಒಗೆದವಳು ನಾನು, ನನಗೆ ನೆನಪಿದೆ. ಹಸುಗಳಿಗೆ ಏನಾದರೂ ವ್ಯವಸ್ಥೆ ಮಾಡಬೇಕಾದರೆ ಈಗಲೇ ಹೇಳು. ಪಲೋಮಾಳನ್ನು ಕ್ಲೇಲಿಯಾಗೆ ಕೊಡುವುದೆಂದು ಯೋಚಿಸಿದ್ದೇನೆ.

ಹೆದರಿ ಕೇಳುತ್ತಿಲ್ಲ. ಓಲ್ಮೆದೊ ಇವತ್ತೇ ವಾಪಸ್ ಬರುತ್ತಾನೆ, ಅವನ ಕೈಯಲ್ಲಿ ಉತ್ತರ ಕೊಡು.

ಎತೆಲ್ವಿನಾ

*

ಪಾಸ್ತೊ
20 ಮಾರ್ಚ್, ಮಧ್ಯಾಹ್ನ

ಅಕ್ಕ,

ಬಿಸ್ಮತ್ ನುಂಗಿದರೆ ಯಾರಿಗೇ ಆದರೂ ಕಪ್ಪಗೆ ಹೋಗುತ್ತದೆ. ನಾಲಿಗೆಯೂ ಅದರಿಂದಲೇ. ರಕ್ತ ಅಲ್ಲ. ನೀನು ಸಾಯುತ್ತಿಲ್ಲ. ಹಸುವನ್ನು ಯಾರಿಗೂ ಕೊಡಬೇಡ. ಒಂದು ಗುಳಿಗೆಯನ್ನೂ ಬಿಡಬೇಡ.

ಪಟ್ಟಿಯಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲ. ಓಲ್ಮೆದೊ ಹಾರ್ನ್ ಹೊಡೆಯುತ್ತಿದ್ದಾನೆ.

ನೊಹೆಮಿ

*

ಚಿಲ್ಕಾಲ್
29 ಮಾರ್ಚ್ 1997, ಪವಿತ್ರ ಶನಿವಾರ

ನೊಹೆಮಿ,

ನಿನ್ನೆ ಮುಗಿಯಿತು. ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ ದಿನವೇ ನನ್ನ ಕೊನೆಯ ಗುಳಿಗೆ ಇಳಿಯಿತು. ಅವರಿಗೆ ಮೂರೇ ಗಂಟೆಯಲ್ಲಿ ಮುಗಿದಿತ್ತು, ನನಗೆ ಹದಿನಾಲ್ಕು ದಿನ.

ಪಟ್ಟಿಯಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲವಂತೆ! ಒಂದೇ ಒಂದು ಸಾಲು, ಮಹರಾಯ್ತಿ. "ಕಪ್ಪಗೆ ಹೋದರೆ ಹೆದರಬೇಡ" ಎಂಬ ಸಾಲು. ಆ ಗುರುವಾರ ನಾನು ಕಾಪುಲಿಯ ಕೊಟ್ಟಿಗೆಯಲ್ಲಿ ಕೂತು ಯಾವ ಹಸು ಯಾರಿಗೆ ಎಂದು ಹಂಚುತ್ತಿದ್ದೆ. ಹನ್ನೊಂದನ್ನೂ ಹಂಚಿದೆ. ನಿನಗೆ ಒಂದೂ ಬರಲಿಲ್ಲ, ತಿಳಿದಿರಲಿ. ಚಪಿಲ್ ಬೇಡ ಎಂದು ಎರಡು ಸಾಲು ಬರೆಯಲು ನಿನಗೆ ಪುರುಸೊತ್ತಿತ್ತು. ನಾನು ಗಂಡ ಸತ್ತ ದಿನವೂ ಚಪಿಲ್ ಕುಡಿದವಳಲ್ಲ.

ಒಂದು ಹೊತ್ತೂ ತಪ್ಪಿಸಿಲ್ಲ. ಆಲೂಗಡ್ಡೆ ಅಗೆಯಲು ಹೋದಾಗಲೂ ಸೀಸೆಯಲ್ಲಿ ಹಾಲು ಒಯ್ದು, ಹೊಲದ ಬದುವಿನ ಮೇಲೆ ಕೂತು ನುಂಗಿದ್ದೇನೆ. ಹೊಟ್ಟೆ ಈಗ ಉರಿಯುತ್ತಿಲ್ಲ. ನಿನ್ನ ಕ್ರಿಮಿ ಸತ್ತಿರಬೇಕು. ಅದರ ಜಾಗದಲ್ಲಿ ನಾನಿದ್ದರೆ ಆ ಕಬ್ಬಿಣದ ರುಚಿಗೇ ಸತ್ತಿರುತ್ತಿದ್ದೆ.

ಎತೆಲ್ವಿನಾ ಹೆತಿಯಾಲ್

*

ಪಾಸ್ತೊ
27 ಮೇ 1997

ಎತೆಲ್ವಿನಾ ಅಕ್ಕನಿಗೆ,

ಹೋದ ವಾರ ಮತ್ತೆ ನಳಿಗೆ ಇಳಿಸಿ ತೆಗೆದ ಚೂರುಗಳ ರಿಪೋರ್ಟು ಬಂತು. ಹುಣ್ಣು ಮಾಯುತ್ತಾ ಬಂದಿದೆ. ಕ್ರಿಮಿ ಹಾಗೇ ಇದೆ. ಸತ್ತಿಲ್ಲ, ಕಮ್ಮಿಯೂ ಆಗಿಲ್ಲ. ಅದು ಇರುವವರೆಗೆ ಒಳಪೊರೆ ಕೆಡುತ್ತಲೇ ಇರುತ್ತದೆ.

ನೇರವಾಗಿ ಕೇಳುತ್ತೇನೆ. ಪಲೋಮಾಳ ಕೆಚ್ಚಲು ಬಾತಿದೆ ಎಂದು ಓಲ್ಮೆದೊ ಮಾರ್ಚ್ ಕೊನೆಯಲ್ಲಿ ಹೇಳಿದ. ಏಪ್ರಿಲ್‌ನಲ್ಲಿ ಕೇಳಿದರೆ "ಚೆನ್ನಾಗಾಗಿದೆ, ಎತೆಲ್ವಿನಮ್ಮ ಏನೋ ಗುಳಿಗೆ ಅರೆದು ಹಾಕಿದ್ರು" ಅಂದ. ನಾನು ಕಳಿಸಿದ ಎರಡು ಆ್ಯಂಟಿಬಯಾಟಿಕ್‌ನಲ್ಲಿ ಒಂದನ್ನು ದನಗಳಿಗೂ ಕೊಡುತ್ತಾರೆ ಎಂದು ನಿನಗೆ ಗೊತ್ತಿಲ್ಲದೆ ಇಲ್ಲ. ನಿನ್ನ ಹೊಟ್ಟೆಗಿಂತ ಹಸುವಿನ ಕೆಚ್ಚಲು ನಿನಗೆ ದೊಡ್ಡದು ಎಂದು ನನಗೂ ಗೊತ್ತಿಲ್ಲದೆ ಇಲ್ಲ.

ಎಲ್ಲ ನುಂಗಿದೆ ಎಂದು ಬರೆದೆ. ಅಪ್ಪ "ಈಗ ಪರವಾಗಿಲ್ಲ" ಅನ್ನುತ್ತಿದ್ದಾರೆ ಎಂದು ಬರೆದವಳೂ ನೀನೇ. ಈ ಸಲ ಮೂರ್ಖಳಾಗಲು ನಾನು ತಯಾರಿಲ್ಲ.

ನೊಹೆಮಿ

*

ಚಿಲ್ಕಾಲ್
31 ಮೇ 1997

ನೊಹೆಮಿ ಹೆತಿಯಾಲ್ ನರ್ಸಮ್ಮನವರಿಗೆ,

ಈ ಕಾಗದದ ಜೊತೆ ಉಣ್ಣೆಯ ದಾರದಲ್ಲಿ ಪೋಣಿಸಿದ ಒಂದು ಮಾಲೆ ಇದೆ. ಅದರಲ್ಲಿರುವುದು ಗುಳಿಗೆ ಒತ್ತಿ ತೆಗೆದ ಮೇಲೆ ಉಳಿದ ಖಾಲಿ ತಗಡಿನ ಹಾಳೆಗಳು. ದಿನಕ್ಕೊಂದು ಗಂಟು ಹಾಕಿದ್ದೇನೆ, ಹದಿನಾಲ್ಕು ಗಂಟು. ಎಣಿಸು. ಎಣಿಸುವುದಾದರೂ ನಿನಗೆ ಬರುತ್ತದೆ ಎಂದುಕೊಂಡಿದ್ದೇನೆ. ಇದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೆ ಎಂದರೆ, ನೀನು ಇಂಥ ಕಾಗದ ಬರೆಯುತ್ತೀಯ ಎಂದು ಮೊದಲ ದಿನವೇ ಗೊತ್ತಿತ್ತು.

ಪಲೋಮಾಳಿಗೆ ಅರೆದು ಹಾಕಿದ್ದು ಪಶುವೈದ್ಯರು ಕೊಟ್ಟ ಗುಳಿಗೆ. ಅವರ ಚೀಟಿಯೂ ಇದೆ. ಅವಳ ಮೈಯಲ್ಲಿ ಔಷಧಿ ಇದ್ದ ಅಷ್ಟೂ ದಿನ ಅವಳ ಹಾಲನ್ನು ಹಳ್ಳಕ್ಕೆ ಚೆಲ್ಲಿದ್ದೇನೆ. ಯಾರೂ ಕಾಯುತ್ತಿರಲಿಲ್ಲ, ಲಾರಿಗೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಲು ಕುಡಿಯುವ ಯಾರೋ ಗುರುತಿಲ್ಲದವರ ಬಗ್ಗೆ ಇಷ್ಟು ನಿಯತ್ತಿದೆ ನನಗೆ. ನೀನು ನನ್ನ ಒಡಹುಟ್ಟಿದವಳು, ನನ್ನನ್ನು ಕಳ್ಳಿ ಎನ್ನುತ್ತೀಯ.

ಈ ಮಾತು ಹೇಳಲು ನಿನಗೆ ನಳಿಗೆ ಬೇಕಾಯಿತು. ನನಗೆ ಯಾವ ನಳಿಗೆಯೂ ಇಲ್ಲದೆ ನಿನ್ನ ಹೊಟ್ಟೆಯೊಳಗೆ ಏನಿದೆ ಎಂದು ಕಾಣುತ್ತಿದೆ. ದಿನಕ್ಕೆ ನಾಲ್ಕು ಹೊತ್ತು, ಹೊತ್ತಿಗೊಂದು ಲೋಟ ಹಾಲು, ಹದಿನಾಲ್ಕು ದಿನ. ಐವತ್ತಾರು ಲೋಟ. ಇದಕ್ಕಿಂತ ಹೆಚ್ಚು ವಿಧೇಯಳಾಗಿ ನಾನು ಗಂಡನ ಮಾತನ್ನೂ ಕೇಳಿಲ್ಲ.

ಇನ್ನು ಮುಂದೆ ಔಷಧಿ ಕಳಿಸಬೇಡ. ಕಾಪುಲಿ ಹೆಣ್ಣು ಕರು ಹಾಕಿದ್ದಾಳೆ. ನನಗೆ ಕೆಲಸವಿದೆ.

ಎತೆಲ್ವಿನಾ

*

ಪಾಸ್ತೊ
19 ಜೂನ್ 1997

ಅಕ್ಕ,

ನಿನ್ನ ಮಾಲೆಯನ್ನೂ ಕಾಗದಗಳನ್ನೂ ಡಾಕ್ಟರ್ ವಿಯೋತಾರ ಮುಂದೆ ಹರಡಿದೆ. ಸುಳ್ಳು ಎಲ್ಲಿದೆ ಎಂದು ಅವರೇ ಹುಡುಕಲಿ ಎಂದು. ಅವರು ಮೂರು ಕಾಗದ ಓದಿ ಕನ್ನಡಕ ತೆಗೆದರು.

"ನಿಮ್ಮಕ್ಕ ಎಲ್ಲಾ ಗುಳಿಗೇನೂ ಹಾಲಲ್ಲೇ ನುಂಗಿದಾರೆ. ಮೂರ್ ಕಡೆ ಬರ್ದಿದಾರೆ. ನೀವ್ ನೋಡ್ಲಿಲ್ವಾ?"

ನಾನು ನೋಡಿರಲಿಲ್ಲ. ಅಂದರೆ, ಓದಿದ್ದೆ.

ಗುಳಿಗೆ ತಪ್ಪಿಸಿಲ್ಲ ನೀನು. ಅದನ್ನು ಒಪ್ಪುತ್ತೇನೆ. ಆದರೆ ಹಾಲಿನಲ್ಲಿರುವ ಸುಣ್ಣದ ಅಂಶ, ದನಗಳಿಗೂ ಕೊಡುತ್ತಾರೆ ಎಂದೆನಲ್ಲ, ಆ ಒಂದು ಆ್ಯಂಟಿಬಯಾಟಿಕ್ಕನ್ನು ಹಿಡಿದು ಕಟ್ಟಿಬಿಡುತ್ತದೆ, ಬಿಸ್ಮತ್ತನ್ನೂ ಕೆಡಿಸುತ್ತದೆ. ನಾಲ್ಕರಲ್ಲಿ ಎರಡು ಸತ್ತವು, ಉಳಿದೆರಡರ ಕೈಲಿ ಏನೂ ಆಗಲಿಲ್ಲ. ನರ್ಸಿಂಗ್ ಮೊದಲ ವರ್ಷದ ಹುಡುಗಿಗೂ ಇದು ಗೊತ್ತಿರುತ್ತದೆ. ಗುಳಿಗೆಯನ್ನು ನೀರಿನಲ್ಲಿ ನುಂಗಬೇಕು ಎಂದು ಯಾರಾದರೂ ಬರೆದು ತಿಳಿಸಬೇಕೇ? ನೀರು, ಅಕ್ಕ! ಬೆಟ್ಟದಿಂದ ಮನೆ ಬಾಗಿಲಿಗೇ ಇಳಿದು ಬರುತ್ತದಲ್ಲ, ಆ ನೀರು! ಯಾವ ದಡ್ಡ ನಿನಗೆ ಹಾಲಿನಲ್ಲಿ ನುಂಗು ಎಂದು ಹೇಳಿದ್ದು? ಹೆಸರು ಬರೆದು ಕಳಿಸು. ನಾನೇ ಬಂದು ಅವನ ಕಿವಿ ಹಿಂಡುತ್ತೇನೆ.

ನೊಹೆಮಿ

*

ಚಿಲ್ಕಾಲ್
22 ಜೂನ್ 1997

ನೊಹೆಮಿ,

ಹೆಸರು ಕೇಳಿದ್ದೀಯ. ಜೊತೆಗಿಟ್ಟಿರುವ ರಟ್ಟಿನ ಚೀಟಿಯ ಕೆಳಗೆ ಸಹಿ ಇದೆ, ತಾರೀಖೂ ಇದೆ. 1981ನೇ ಇಸವಿ, ನೀನು ನರ್ಸಿಂಗ್ ಓದಲು ಹೋದ ಮೊದಲ ವರ್ಷ. ರಜೆಗೆ ಬಂದವಳು ಅಪ್ಪನ ಎದೆಯುರಿ ನೋಡಿ ನೀಲಿ ಶಾಯಿಯಲ್ಲಿ ದುಂಡಗೆ ಬರೆದು, ಒಲೆಯ ಮೇಲಿನ ಗೋಡೆಗೆ ನೀನೇ ಮೊಳೆ ಹೊಡೆದು ತೂಗುಹಾಕಿದ್ದು.

"ಗುಳಿಗೆಯನ್ನು ಎಂದೂ ನೀರಿನಲ್ಲಿ ನುಂಗಬಾರದು. ಪ್ರತಿ ಗುಳಿಗೆಗೂ ಒಂದು ಲೋಟ ಬೆಚ್ಚಗಿನ ಹಾಲು. ಉರಿ ಬಂದಾಗಲೆಲ್ಲ ಹಾಲು. ಅಪ್ಪ, ಇದು ನನ್ನ ಆಜ್ಞೆ."

ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಬಂದವರಿಗೆಲ್ಲ ತೋರಿಸುತ್ತಿದ್ದರು. ಕೊನೆಯ ಏಳು ತಿಂಗಳು "ಆಸ್ಪತ್ರೆಗೆ ಹೋಗೋಣ ಏಳಿ" ಎಂದು ನಾನು ಅಂದಾಗಲೆಲ್ಲ ಗೋಡೆಯ ಕಡೆ ಕೈ ತೋರಿಸುತ್ತಿದ್ದರು. "ಓದಿದ್ ಮಗ್ಳು ಬರ್ದಿದಾಳೆ, ಹಾಲ್ ಕುಡಿ ಅಂತ. ಕುಡಿದ್ರೆ ತಣ್ಣಗೂ ಆಗ್ತದೆ. ಹಸು ಕರೆಯೋಳು ನೀನು, ನಿಂಗೇನೇ ಗೊತ್ತು?" ಎಂದು.

ಅವರನ್ನು ಮಣ್ಣಿಗಿಡುವ ದಿನ ಬೆಳಿಗ್ಗೆ ಇದನ್ನು ಗೋಡೆಯಿಂದ ತೆಗೆದೆ. ನೀನು ಗುಂಡಿಯ ಪಕ್ಕ ನಿಂತು ನನ್ನ ಮೇಲೆ ಕಿರುಚುತ್ತಿದ್ದಾಗ ಇದು ನನ್ನ ಲಂಗದ ಜೇಬಿನಲ್ಲಿತ್ತು. ಹೊರಗೆ ತೆಗೆಯಲಿಲ್ಲ. ಯಾಕೆ ಎಂದು ಕೇಳಬೇಡ.

ಕಿವಿ ಹಿಂಡಿಕೋ.

ಎತೆಲ್ವಿನಾ

*

ಚಿಲ್ಕಾಲ್
9 ಜುಲೈ 1997

ನೊಹೆಮಿ,

ಗುಳಿಗೆ ಬಂತು, ಕಾಗದ ಬರಲಿಲ್ಲ. ನಾನು ಕಳಿಸಬೇಡ ಎಂದಿದ್ದೆ. ನೀನು ಯಾವಾಗ ನನ್ನ ಮಾತು ಕೇಳಿದ್ದೀಯ?

ಪಟ್ಟಿಯಲ್ಲಿ ಹುಳಿಯ ಗುಳಿಗೆ ಹಿಂದಿನದೇ ಇದೆ. ಆ್ಯಂಟಿಬಯಾಟಿಕ್ ಎರಡೂ ಬೇರೆ. ಒಂದರ ಹೆಸರು ಪಶುವೈದ್ಯರಿಗೆ ಹೇಳಿದೆ, ಹಸುಗಳಿಗೆ ಚುಚ್ಚುವ ಪೆನಿಸಿಲಿನ್ನಿನ ಬಳಗವಂತೆ. ಹಾಗಾದರೆ ಕೊಂಚ ಮರ್ಯಾದಸ್ಥ ಔಷಧಿಯೇ ಇರಬೇಕು.

ಪ್ರತಿ ಸಾಲಿನ ಮುಂದೆಯೂ ಕೆಂಪು ಶಾಯಿಯಲ್ಲಿ "ನೀರು" ಎಂದು ಬರೆದು ಎರಡೆರಡು ಗೆರೆ ಎಳೆದಿದ್ದೀಯ. ಒಂದು ಕಡೆ ಪೆನ್ನು ಒತ್ತಿ ಹಾಳೆಯೇ ಹರಿದಿದೆ. ನನಗೆ ಓದಲು ಬರುತ್ತದೆ. ಹರಿಯುವಷ್ಟು ಒತ್ತಬೇಕಾಗಿರಲಿಲ್ಲ.

ಇಂದು ಶುರು ಮಾಡಿದೆ.

ಎತೆಲ್ವಿನಾ

*

ಪಾಸ್ತೊ
24 ಆಗಸ್ಟ್ 1997

ಅಕ್ಕ,

ಎರಡು ತಿಂಗಳಲ್ಲಿ ಆರು ಕಾಗದ ಬರೆದು ಹರಿದಿದ್ದೇನೆ. ಇದು ಏಳನೆಯದು, ಹೇಗಿದೆಯೋ ಹಾಗೆ ಕಳಿಸುತ್ತೇನೆ.

ಆಗ ನಮಗೆ ಹಾಗೇ ಕಲಿಸುತ್ತಿದ್ದರು. ಹುಣ್ಣು ಎಂದರೆ ಹಾಲು. ಕ್ರಿಮಿಯ ಹೆಸರನ್ನೇ ಯಾರೂ ಕೇಳಿರಲಿಲ್ಲ. ಡಾಕ್ಟರ್ ವಿಯೋತಾ ಕೂಡ "ಆವಾಗ ನಾನೂ ಅದನ್ನೇ ಹೇಳ್ತಿದ್ದೆ ಬಿಡಿ" ಅಂದರು. ಅವರು ಹಾಗೆ ಅಂದಾಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆಮೇಲೆ ಕಲಿತೆನಲ್ಲ. ಹಾಲು ಉರಿಯನ್ನು ಒಂದು ಗಳಿಗೆ ಮುಚ್ಚಿ ಆಮೇಲೆ ಹುಳಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ ಎಂದು ಹತ್ತು ವರ್ಷದ ಹಿಂದೆಯೇ ನನಗೆ ಗೊತ್ತಾಯಿತು. ಸಾವಿರ ರೋಗಿಗಳಿಗೆ ಹೇಳಿದ್ದೇನೆ. ಚಿಲ್ಕಾಲಿಗೆ ಹತ್ತು ಸಲ ಬಂದು ಒಲೆಯ ಮುಂದೆ ಕೂತು ಉಂಡಿದ್ದೇನೆ, ತಲೆಯ ಮೇಲೆ ನನ್ನದೇ ಚೀಟಿ ತೂಗುತ್ತಿತ್ತು. ಒಂದು ಸಲವೂ ತಲೆ ಎತ್ತಿ ಓದಲಿಲ್ಲ.

ಮೂವತ್ತನೇ ತಾರೀಖು ಅಪ್ಪ ತೀರಿಕೊಂಡ ದಿನ. ಪೂಜೆಗೆ ಬರುತ್ತೇನೆ. ಮುಗಿದ ಮೇಲೆ ಇಗರ್ಜಿಯ ಬಾಗಿಲಲ್ಲಿ ನಿಂತು, ಅವತ್ತು ಇದ್ದವರೆಲ್ಲರ ಮುಂದೆ, ಅಕ್ಕ ಅಲ್ಲ ನಾನು ಎಂದು ಹೇಳುತ್ತೇನೆ. ಚೀಟಿಯನ್ನೂ ಓದುತ್ತೇನೆ.

ನೊಹೆಮಿ

*

ಚಿಲ್ಕಾಲ್
27 ಆಗಸ್ಟ್ 1997

ನೊಹೆಮಿ,

ಇಗರ್ಜಿಯ ಬಾಗಿಲಲ್ಲಿ ನಿಂತು ನಾಟಕ ಮಾಡಬೇಡ. ಒಂದು ಸಲ ಮಾಡಿದ್ದು ಸಾಕು. ಅವತ್ತು ನೀನು ಕಿರುಚಿದ್ದನ್ನು ಕೇಳಿ ಬಾಯಿ ಚಪ್ಪರಿಸಿದವರೇ ಈ ಸಲವೂ ಬರುತ್ತಾರೆ. ಅವರಿಗೆ ನಿನ್ನ ಪಶ್ಚಾತ್ತಾಪವೂ ಒಂದೇ, ಸಂತೆಯಲ್ಲಿ ಕೋಳಿ ಕಾದಾಡಿದ್ದೂ ಒಂದೇ. ಆ ಚೀಟಿ ನಮ್ಮ ಮನೆಯದು, ಊರಿನದಲ್ಲ. ಅಪ್ಪ ತನ್ನ ಮಗಳ ಬುದ್ಧಿಯ ಮೇಲೆ ಭರವಸೆ ಇಟ್ಟು ಸತ್ತರು. ಆ ಬುದ್ಧಿಗೆ ಊರವರು ನಗುವುದು ಅವರಿಗೆ ಬೇಡ. ನಾನು ಜೇಬಿನಿಂದ ತೆಗೆಯದಿದ್ದದ್ದು ಅದಕ್ಕೆ. ನಿನಗಾಗಿ ಎಂದುಕೊಂಡು ಉಬ್ಬಬೇಡ.

ಅಷ್ಟು ತಪ್ಪು ಮಾಡಿದೆ ಅನ್ನಿಸುತ್ತಿದ್ದರೆ ಒಂದು ಪ್ರಶ್ನೆಗೆ ಉತ್ತರ ಕೊಡು. ಬೆಟ್ಟದ ಮೇಲಿನ ಹತ್ತರಲ್ಲಿ ಒಂಬತ್ತು ಜನರಿಗೆ ಇದೆ ಎಂದು ಬರೆದೆಯಲ್ಲ, ಉಳಿದ ಆ ಒಬ್ಬಳು ನೀನೇ ಎಂದು ಯಾರು ಹೇಳಿದರು? ಹುರಿದ ಜೋಳವನ್ನು ಅಪ್ಪ ತನ್ನ ಬಾಯಲ್ಲಿ ಅಗಿದು ಮೆತ್ತಗೆ ಮಾಡಿ ನನ್ನ ಬಾಯಿಗಿಟ್ಟ ಹಾಗೇ ನಿನ್ನ ಬಾಯಿಗೂ ಇಟ್ಟಿದ್ದಾರೆ. ನಿನಗೆ ಹಲ್ಲು ಬರುವುದು ತಡವಾಯಿತು, ನನಗಿಂತ ಎರಡು ವರ್ಷ ಹೆಚ್ಚೇ ತಿಂದೆ.

ಇಷ್ಟು ವರ್ಷದಿಂದ ಊರವರ ಬಾಯಿಗೆಲ್ಲ ನಳಿಗೆ ತುರುಕಿದ್ದೀಯ. ನಿನ್ನ ಬಾಯಿಗೆ ಯಾವತ್ತಾದರೂ ಇಳಿಸಿಕೊಂಡೆಯಾ?

ಪೂಜೆಗೆ ಬಾ. ಬಾಯಿ ಮುಚ್ಚಿಕೊಂಡು ಬಾ.

ಎತೆಲ್ವಿನಾ

*

ಪಾಸ್ತೊ
2 ಅಕ್ಟೋಬರ್ 1997

ಅಕ್ಕ,

ನಿನ್ನ ರಿಪೋರ್ಟು ಬಂತು. ಕ್ರಿಮಿ ಇಲ್ಲ. ಹೋದ ತಿಂಗಳು ಮತ್ತೆ ನಳಿಗೆ ಇಳಿಸಿ ತೆಗೆದ ಐದು ಚೂರಿನಲ್ಲಿ ಒಂದರಲ್ಲೂ ಇಲ್ಲ. ಹುಣ್ಣು ಪೂರ್ತಿ ಮಾಯಿದೆ. ಬದಲಾದ ಒಳಪೊರೆ ಹಾಗೇ ಉಳಿದಿದೆ, ಆದರೆ ಮುಂದೆ ಹೋಗಿಲ್ಲ. ಇನ್ನು ಹೋಗುವ ಸಂಭವ ಬಹಳ ಕಡಿಮೆ. ಮೂರು ವರ್ಷಕ್ಕೊಮ್ಮೆ ಬಂದು ತೋರಿಸಬೇಕು, ನೀನು ಗೊಣಗುತ್ತಲೇ ಬರಬೇಕು. ಡಾಕ್ಟರ್ ವಿಯೋತಾ ರಿಪೋರ್ಟು ಓದಿ "ನಿಮ್ಮಕ್ಕನ್ನ ನೋಡಿ ಕಲಿತ್ಕೊಳ್ಳಿ" ಎಂದು ವಾರ್ಡಿನಲ್ಲಿ ಎಲ್ಲರಿಗೂ ಹೇಳುತ್ತಿದ್ದಾರೆ. ನಾಲ್ಕು ದಿನದಿಂದ ಇದೇ ಕೇಳಿಸಿಕೊಳ್ಳುತ್ತಿದ್ದೇನೆ.

ನೊಹೆಮಿ

ಪೂಜೆಯ ದಿನ ನೀನು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡಿದ್ದೆ, ಆಮೇಲೆ ನಳಿಗೆಗೆ ಬಾಯಿ ತೆರೆದೆ. ನನ್ನದನ್ನೂ ನೋಡಿದರು. ಕ್ರಿಮಿ ಇದೆ, ಒಳಪೊರೆಯೂ ಬದಲಾಗಿದೆ, ನಿನಗೆ ಇದ್ದದ್ದಕ್ಕಿಂತ ಒಂದು ಹೆಜ್ಜೆ ಮುಂದೆ. ಗುಳಿಗೆ ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಐದು ದಿನವಾಯಿತು, ಶುರು ಮಾಡಲು ಆಗುತ್ತಿಲ್ಲ. ಹದಿನಾಲ್ಕು ದಿನ ನುಂಗಿ, ತಿಂಗಳುಗಟ್ಟಲೆ ಕಾದು, ಆಮೇಲೂ ಇದೆ ಎಂದರೆ ಎಂದು. ಬೇರೆಯವರಿಗೆ ಹೇಳುವಾಗ ಎಷ್ಟು ಸುಲಭವಾಗಿತ್ತು. ಹೆದರಿಕೆಯಾಗುತ್ತಿದೆ ಅಕ್ಕ.

*

ಚಿಲ್ಕಾಲ್
4 ಅಕ್ಟೋಬರ್ 1997

ನೊಹೆಮಿ,

ನನ್ನ ಹೊಟ್ಟೆಯ ಬಗ್ಗೆ ಒಂದು ಪುಟ ಶಾಯಿಯಲ್ಲಿ. ನಿನ್ನದು ಸಹಿ ಹಾಕಿದ ಮೇಲೆ ಕೆಳಗೆ, ಪೆನ್ಸಿಲಿನಲ್ಲಿ. ಸಣ್ಣ ಅಕ್ಷರ ಎಂದರೆ ಸಣ್ಣ ರೋಗ ಎಂದು ಆಸ್ಪತ್ರೆಯಲ್ಲಿ ಕಲಿಸಿದರೇ?

ಐದು ದಿನ ಮೇಜಿನ ಮೇಲೆ ಇಟ್ಟುಕೊಂಡು ನೋಡುತ್ತಿದ್ದೀಯಂತೆ. ನನ್ನ ವಿಷಯದಲ್ಲಿ ಒಂದು ಹೊತ್ತು ತಪ್ಪಿದರೆ ನೇಣು ಹಾಕುವವಳು! ಹೆದರಿಕೆ ನನಗೂ ಇತ್ತು. ಮಾರ್ಚ್‌ನಲ್ಲಿ ಬರೆದ ಕಾಗದದಲ್ಲಿ ಇಲ್ಲ ಎಂದಿದ್ದೆ, ಅದು ಸುಳ್ಳು. ನಾನು ನಿನಗೆ ಹೇಳಿದ ಒಂದೇ ಸುಳ್ಳು ಅದು. ಹೆದರಿಕೊಂಡೇ ನುಂಗಬೇಕು. ಗುಳಿಗೆಗೆ ಅದೇನೂ ತಿಳಿಯುವುದಿಲ್ಲ.

ಸೋಮವಾರ ಓಲ್ಮೆದೊನ ಲಾರಿಯಲ್ಲಿ ಬರುತ್ತೇನೆ. ಹದಿನಾಲ್ಕು ದಿನ ಇರುತ್ತೇನೆ. ಹನ್ನೊಂದು ಹಸುವನ್ನೂ ಕ್ಲೇಲಿಯಾಗೆ ಒಪ್ಪಿಸಿದ್ದೇನೆ. ಕಾಪುಲಿ ಮೊದಲ ದಿನವೇ ಅವಳ ಬಕೆಟ್ಟನ್ನು ಒದೆಯುತ್ತಾಳೆ, ಒದೆಯಲಿ. ಮದುವೆಯಾದ ಮೇಲೆ ಈ ಮನೆ ಬಿಟ್ಟು ನಾನು ಒಂದು ದಿನವೂ ಹೊರಗೆ ಮಲಗಿಲ್ಲ. ನಿನ್ನ ಊರಿನ ಗದ್ದಲಕ್ಕೆ ನಿದ್ದೆ ಬರುವುದಿಲ್ಲ, ನಿನ್ನ ಅಡುಗೆಯನ್ನು ನಾಯಿಯೂ ಮೂಸುವುದಿಲ್ಲ. ನಾನೇ ಬೇಯಿಸುತ್ತೇನೆ, ಆಲೂಗಡ್ಡೆ ತರುತ್ತಿದ್ದೇನೆ. ಗುಳಿಗೆ ಬಾಯಿಗೆ ಹಾಕಿದ ಮೇಲೆ ನಾಲಿಗೆ ಎತ್ತಿ ತೋರಿಸಬೇಕು.

ನಾನು ಬರುವುದು ಕರುಣೆಯಿಂದ ಎಂದುಕೊಳ್ಳಬೇಡ. ಊರವರ ಮುಂದೆ ನನ್ನನ್ನು ಕೊಲೆಗಾತಿ ಅಂದೆ. ಮೂರು ವರ್ಷ ನಾನು ತಲೆಯೆತ್ತಿ ಓಡಾಡಿದ್ದು ಅದು ಸುಳ್ಳು ಎಂಬ ಒಂದೇ ಧೈರ್ಯದ ಮೇಲೆ. ಈಗ ನೀನು ಹೆದರಿ ಮೇಜಿನ ಮುಂದೆ ಕೂತಿರುವುದು ಗೊತ್ತಿದ್ದೂ ಇಲ್ಲಿ ಹಾಲು ಕರೆಯುತ್ತಾ ಕೂತರೆ, ನೀನು ಅಂದದ್ದು ನಿಜವಾಗಿಬಿಡುತ್ತದೆ. ನಿನ್ನ ಮಾತು ನಿಜವಾಗುವುದಕ್ಕೆ ನಾನು ಬಿಡುವುದಿಲ್ಲ.

ನಿನ್ನ ಅಕ್ಕ,
ಎತೆಲ್ವಿನಾ